ಅಡುಗೆಮನೆ ಗೋಡೆಯ ಸ್ವಿಚ್ಚು

ನಜರ್‌ಬಾದಿನ ನಮ್ಮ ಬೀದಿಯ ಮಕ್ಕಳು ಆಗ ಒಂದು ಆಟ ಆಡುತ್ತಿದ್ದರು. ಒಬ್ಬ ಬೀದಿಯ ಈ ತುದಿಯಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು "ಹಾಕೇ!" ಎಂದು ಕೂಗುವುದು, ಆ ತುದಿಯಲ್ಲಿದ್ದವರೆಲ್ಲ ಇವನ ಕಡೆಗೆ ಓಡಿ ಬರುವುದು. "ಆರ್ಸೇ!" ಎಂದರೆ ನಿಂತಲ್ಲೇ ನಿಂತುಬಿಡಬೇಕು. ಅಲ್ಲಾಡಿದವರು ಔಟ್. ಎಷ್ಟೋ ದಿನ ನಾನು ಗೇಟಿನ ಹತ್ತಿರ ನಿಂತು ಅದನ್ನು ನೋಡಿ ನಕ್ಕಿದ್ದೇನೆ. ಸೊಂಟಕ್ಕೆ ಕೈ ಕೊಟ್ಟು ನಿಂತವನು ನಾನೇ ಎಂದು ನನಗೆ ಹೊಳೆದಿರಲಿಲ್ಲ.

ನನ್ನದು ಮರಗೆಲಸ. ಹಿತ್ತಲಿನಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು, ಅದರೊಳಗೆ ಹಲಗೆ ಕೊಯ್ಯುವ ಗರಗಸದ ಮೇಜು, ಹಲಗೆಯ ಮೈ ನಯ ಮಾಡುವ ಪ್ಲೇನಿಂಗ್ ಮಿಷನ್ನು, ಮೂಲೆಯಲ್ಲಿ ಅಂಚಿನ ಚಿತ್ತಾರ ಕೊರೆಯುವ ರೂಟರು. ತೇಗದಲ್ಲಿ ದೇವರ ಮಂಟಪ ಮಾಡಿಕೊಡುತ್ತಿದ್ದೆ. ಗೋಕುಲಂ ಕಡೆ ಹೊಸದಾಗಿ ಮನೆ ಕಟ್ಟಿಸಿದವರು ಹುಡುಕಿಕೊಂಡು ಬಂದು ಅಳತೆ ಕೊಟ್ಟು ಹೋಗುವರು. ಕೆಲಸಕ್ಕೆ ಕೊರತೆ ಇರಲಿಲ್ಲ. ಆದರೆ ತೇಗದ ಹೊಟ್ಟು ಅನ್ನುವುದಿದೆಯಲ್ಲ, ಮೈದಾಹಿಟ್ಟಿನಷ್ಟು ನುಣ್ಣಗಿರುತ್ತದೆ. ಒಣಹಾಕಿದ ಬಟ್ಟೆಯ ಮೇಲೆ, ಅಕ್ಕಿಡಬ್ಬದ ಮುಚ್ಚಳದ ಮೇಲೆ, ದೇವರ ಪಟದ ಗಾಜಿನ ಮೇಲೆ, ಎಲ್ಲಿ ನೋಡಿದರೂ ಅದೇ. ನನ್ನ ಹೆಂಡತಿ ಮೂಗಿಗೆ ಸೆರಗು ಕಟ್ಟಿಕೊಂಡೇ ಮನೆ ಗುಡಿಸುತ್ತಿದ್ದಳು.

ಅದಕ್ಕೆಂದೇ, ಬಾಗಿಲು ಮುಚ್ಚಿದ್ದ ಒಂದು ಫರ್ನಿಚರ್ ಕಾರ್ಖಾನೆಯಿಂದ ಹಳೆಯ ಡಸ್ಟ್ ಕಲೆಕ್ಟರ್ ಒಂದನ್ನು ತಂದೆ. ಎರಡು ಹಾರ್ಸ್‌ಪವರಿನ ಮೋಟರು, ಅದಕ್ಕೊಂದು ದಪ್ಪ ಫ್ಯಾನು, ಫ್ಯಾನಿನಾಚೆ ಎರಡು ಚೀಲ. ಹೊಟ್ಟು ಕೆಳಗಿನ ಚೀಲಕ್ಕೆ ಬೀಳುತ್ತದೆ, ಗಾಳಿ ಮೇಲಿನ ಬಟ್ಟೆಚೀಲದಿಂದ ಸೋಸಿಕೊಂಡು ಹೊರಗೆ ಹೋಗುತ್ತದೆ. ಪೈಪು ಎಳೆದು ಮೂರೂ ಮಿಷನ್ನಿನ ಬಾಯಿಗೆ ಜೋಡಿಸಿದೆ. ಆದರೆ ಶೆಡ್ಡಿನಲ್ಲಿ ಅದನ್ನು ಇಡಲು ಜಾಗವಿಲ್ಲ, ಶೆಡ್ಡಿನ ವೈರಿಗೆ ಅದನ್ನು ಎಳೆಯುವ ತಾಕತ್ತೂ ಇಲ್ಲ. ಹಾಗಾಗಿ ಶೆಡ್ಡಿಗೂ ಮನೆಗೂ ನಡುವಿನ ಓಣಿಯಲ್ಲಿ ನಿಲ್ಲಿಸಿದೆ. ಹದಿನೈದು ಆಂಪಿಯರಿನ ಪಾಯಿಂಟು ಮನೆಯಲ್ಲಿದ್ದದ್ದು ಒಂದೇ, ಗ್ರೈಂಡರಿಗೆಂದು ಅಡುಗೆಮನೆಯಲ್ಲಿ ಹಾಕಿಸಿದ್ದು. ಗೋಡೆಗೆ ತೂತು ಕೊರೆದು ವೈರನ್ನು ಅಲ್ಲಿಗೆ ಸಿಕ್ಕಿಸಿದೆ. ಸದ್ಯಕ್ಕೆ ಹೀಗಿರಲಿ, ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ. ಆ ಸದ್ಯ ವರ್ಷಗಟ್ಟಲೆ ನಡೆಯಿತು.

ಹಲಗೆಯನ್ನು ಗರಗಸಕ್ಕೆ ಕೊಡುವ ಮುಂಚೆ ನಾನು "ಹಾಕೇ!" ಎಂದು ಕೂಗಬೇಕು. ಅವಳು ಒಗ್ಗರಣೆ ಬಿಟ್ಟು, ಇಲ್ಲವೇ ಹಿಟ್ಟಿನ ಕೈಯಲ್ಲೇ, ಗೋಡೆಯ ಸ್ವಿಚ್ಚು ಒತ್ತಬೇಕು. ಕೊಯ್ದು ಮುಗಿದರೆ "ಆರ್ಸೇ!" ಸುಮ್ಮನೆ ಓಡಿಸಿದರೆ ಕರೆಂಟು ದಂಡ, ಮೇಲಾಗಿ ಆ ಸದ್ದು. ದಿನಕ್ಕೆ ಎಷ್ಟು ಸಲ ಎಂದು ಲೆಕ್ಕ ಇಟ್ಟವರಿಲ್ಲ. ಅವಳು ಒಂದು ಗಳಿಗೆ ತಡ ಮಾಡಿದರೂ ನನಗೆ ನೆತ್ತಿಗೇರುತ್ತಿತ್ತು. ಕಿವಿ ಕಿತ್ತುಹೋಗಿದೆಯಾ ಎಂದು ಬೀದಿಗೆಲ್ಲ ಕೇಳುವಂತೆ ಅಂದದ್ದೂ ಉಂಟು. ಮಾರ್ಕೆಟ್ಟಿಗೆ ಹೋಗಬೇಕಾದರೂ ಅವಳು ಶೆಡ್ಡಿನ ಬಾಗಿಲಿಗೆ ಬಂದು, ಈಗ ಕೊಯ್ಯುವುದೇನಾದರೂ ಇದೆಯೇ ಎಂದು ಕೇಳಿ ಹೋಗುತ್ತಿದ್ದಳು. ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ.

ಮಗಳನ್ನು ಇಲವಾಲಕ್ಕೆ ಕೊಟ್ಟಿದ್ದೆವು. ಅವಳಿಗೆ ಚೊಚ್ಚಲು. ಸೀಮಂತಕ್ಕೆ ನಾವಿಬ್ಬರೂ ಹೋಗಿದ್ದೆವು. ಮಗಳ ಅತ್ತೆ, ನಮ್ಮ ಬೀಗಿತ್ತಿ, ಗಟ್ಟಿ ಹೆಂಗಸು. ಏರು ದನಿಯಲ್ಲಿ ಮಾತಾಡಿದವರೇ ಅಲ್ಲ, ಮೆತ್ತಗೆ ಹೇಳಿಯೇ ಎದುರಿನವರನ್ನು ಕೂರಿಸಿಬಿಡುತ್ತಿದ್ದರು. ಊಟದ ಪಂಕ್ತಿಯಲ್ಲಿ ನನಗೆ ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತಾ ಹೇಳಿದರು.

"ಮೊದಲ್ನೇ ಬಾಣಂತನ ತೌರಲ್ಲೇ ಆಗ್ಬೇಕು ಬೀಗರೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಧೂಳಲ್ಲಿ ಮಗ ಎಂಗೆ ಉಸಿರಾಡ್ತದೆ? ಅದೂ ಅಲ್ದೆ ಬಾಣಂತೀನ ನೋಡ್ಕೊಳೋರು ಯಾರು? ನಿಮ್ಮನೆಯವ್ರು ಸ್ವಿಚ್ಚು ಹಾಕ್ತಾ ಇರ್ತಾರಲ್ಲ."

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಎದುರಿಗೆ ಹಸಿರು ಬಳೆ ತೊಟ್ಟು ಕೂತಿದ್ದ ಮಗಳು ತಲೆ ಎತ್ತಲಿಲ್ಲ. ನನಗೆ ಕಿವಿಯೆಲ್ಲ ಬಿಸಿಯಾಯಿತು. ಹೆಣ್ಣು ಕೊಟ್ಟವರು ಚೊಚ್ಚಲ ಬಾಣಂತನ ಮಾಡಲಾರರು ಅನ್ನಿಸಿಕೊಂಡರೆ ನೆಂಟರ ನಡುವೆ ತಲೆ ಎತ್ತಿ ಓಡಾಡುವುದು ಹೇಗೆ? ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ: ಆಯುಧಪೂಜೆಗೆ ಎಲ್ಲರೂ ನಮ್ಮ ಮನೆಗೆ ಬನ್ನಿ, ಮಗಳನ್ನೂ ಕರೆತನ್ನಿ, ಧೂಳು ಕಂಡರೆ ಅವತ್ತೇ ವಾಪಸ್ಸು ಕರೆದುಕೊಂಡು ಹೋಗಿ, ನಮ್ಮ ಮನೆಯಲ್ಲಿ ಇನ್ನು ಸ್ವಿಚ್ಚು ಮುಟ್ಟುವವರೇ ಬೇಕಾಗಿಲ್ಲ, ಹಾಗೆ ಮಾಡಿರುತ್ತೇನೆ.

ಬಸ್ಸಿನಲ್ಲಿ ವಾಪಸ್ಸು ಬರುವಾಗ, ನೋಡಿದೆಯಾ ಆ ಯಮ್ಮನ ಮಾತನ್ನು ಎಂದು ಗೊಣಗುತ್ತಲೇ ಇದ್ದೆ. ಹೆಂಡತಿ ಕಿಟಕಿಯಾಚೆ ನೋಡುತ್ತಾ, "ಬೀದಿ ಮಕ್ಳು ಆಡೋ ಆಟ ಯಾವ್ದು ಅಂತ ಗೊತ್ತು ತಾನೇ ನಿಮ್ಗೆ?" ಎಂದಳು. ಆಗ ಹೊಳೆಯಿತು. ಅವಳಿಗೆ ಮೊದಲಿಂದಲೂ ಗೊತ್ತಿತ್ತು.

ಮಾರನೆಯ ದಿನ ನಮ್ಮ ಬೀದಿಯಲ್ಲೇ ವೈರಿಂಗ್ ಕೆಲಸ ಮಾಡುವ ಎಲೆಕ್ಟ್ರಿಷಿಯನ್‌ನನ್ನು ಕರೆದೆ. ನೋಡಿಕೊಂಡು ಅವನು ಹೇಳಿದ್ದು ಸರಳ. ಬೋರ್‌ವೆಲ್ ಮೋಟರಿನ ಪೆಟ್ಟಿಗೆಯಲ್ಲಿ 'ಟಕ್' ಎಂದು ಹಿಡಿದುಕೊಳ್ಳುವ ಕಾಂಟ್ಯಾಕ್ಟರ್ ಇರುತ್ತದಲ್ಲ, ಅದನ್ನು ಹಾಕೋಣ. ಮೂರು ಮಿಷನ್ನಿನ ಹತ್ತಿರವೂ ಒಂದೊಂದು ಹಸಿರು ಬಟನ್ನು, ಒಂದೊಂದು ಕೆಂಪು ಬಟನ್ನು, ಪೈಪಿನೊಳಗೆ ವೈರು. ನನಗೆ ಅದು ಹಿಡಿಸಲಿಲ್ಲ. ಹಿಟ್ಟಿನ ಗಿರಣಿಯ ಹಾಗೆ ಕಾಣುತ್ತದೆ ಎಂದೆ. ನಿಜ ಹೇಳಬೇಕೆಂದರೆ ಬೀಗರ ಮುಂದೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನಾದರೂ ಬೇಕಿತ್ತು. ಜೇಬಿನಿಂದ ತೆಗೆದು ಒತ್ತಿದರೆ ಓಣಿಯಲ್ಲಿ ಮಿಷನ್ನು ಗುಂಯ್ ಅನ್ನಬೇಕು, ಅವರು ಬಾಯಿ ಬಿಟ್ಟುಕೊಂಡು ನೋಡಬೇಕು.

ಮೊದಲು ತಂದದ್ದು ಫ್ಯಾನು ದೀಪಗಳಿಗೆ ಬರುವ ರಿಮೋಟ್ ಸ್ವಿಚ್ಚು. ಅದರೊಳಗೆ ಕರೆಂಟನ್ನು ಕೂಡಿಸಿ ಬಿಡಿಸುವ ರಿಲೇ ಐದು ಆಂಪಿಯರಿನದು. ನನ್ನ ಮೋಟರು ಓಡುವಾಗಲೇ ಅದರ ಎರಡರಷ್ಟು ಎಳೆಯುತ್ತದೆ, ಶುರುವಾಗುವ ಗಳಿಗೆಯಲ್ಲಂತೂ ಇನ್ನೂ ಎಷ್ಟೋ ಪಟ್ಟು. ಅದು ಗೊತ್ತಿದ್ದೂ, ಒಂದು ಕ್ಷಣದ ಮಾತು ತಾನೇ, ತಡೆದುಕೊಳ್ಳುತ್ತದೆ ಎಂದು ಹಾಕಿದೆ. ಕೆಲವು ದಿನ ತಡೆದುಕೊಂಡಿತು. ಒಂದು ಮಧ್ಯಾಹ್ನ ಮಂಟಪದ ಕಂಬ ಕೊಯ್ದು ಮುಗಿಸಿ ಬಟನ್ ಒತ್ತಿದರೆ ಮಿಷನ್ನು ನಿಲ್ಲಲೊಲ್ಲದು. ರಿಲೇಯ ಎರಡು ತುದಿಗಳೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಬೇರೆ ದಾರಿ ಕಾಣದೆ, "ಆರ್ಸೇ!" ಎಂದು ಕೂಗಿದೆ. ಗೇಟಿನಾಚೆಯಿಂದ ಮಕ್ಕಳೂ ನನ್ನ ಜೊತೆಗೆ ಕೂಗಿದವು.

ಆಮೇಲೆ ಹಿಡಿದದ್ದು ಕಾರ್ಡ್‌ಲೆಸ್ ಬೆಲ್ಲನ್ನು. ಗೇಟಿಗೆ ಒಂದು ಪುಟ್ಟ ಬಟನ್ನು, ಹಾಲಿನಲ್ಲಿ ಬ್ಯಾಟರಿ ಹಾಕಿದ ಪೆಟ್ಟಿಗೆ, ನಡುವೆ ವೈರಿಲ್ಲ. ಆಗ ಅಂಗಡಿಗಳಿಗೆ ಹೊಸದಾಗಿ ಬಂದಿತ್ತು. ಒಬ್ಬ ರೇಡಿಯೋ ರಿಪೇರಿಯವನ ಹತ್ತಿರ ಹೋಗಿ ಕೂತೆ. ಪೆಟ್ಟಿಗೆಯಿಂದ ಹಾಡು ಬರುವ ಸ್ಪೀಕರ್ ಕಿತ್ತು, ಆ ಜಾಗದಲ್ಲಿ ಒಂದು ಚಿಕ್ಕ ಸರ್ಕ್ಯೂಟ್ ಕೂರಿಸಿದ. ಒಮ್ಮೆ ಒತ್ತಿದರೆ ಅದು ಕಾಂಟ್ಯಾಕ್ಟರನ್ನು ಎಳೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಮೋಟರಿನ ಭಾರವೆಲ್ಲ ಕಾಂಟ್ಯಾಕ್ಟರಿನ ಮೇಲೆ, ಬೆಲ್ಲಿನದು ಬರೀ ಸನ್ನೆ ಕೊಡುವ ಕೆಲಸ. ಆ ಮಟ್ಟಿಗೆ ಸರಿಯಾದ ಜೋಡಣೆಯೇ.

ಪೆಟ್ಟಿಗೆಯೊಳಗೆ ಸಾಲಾಗಿ ಸಣ್ಣ ಪಿನ್ನುಗಳಿದ್ದವು. ಪಕ್ಕದ ಮನೆಯಲ್ಲೂ ಇಂಥದೇ ಬೆಲ್ಲಿದ್ದರೆ ಒಂದರ ಸನ್ನೆ ಇನ್ನೊಂದಕ್ಕೆ ತಾಗದಂತೆ ಅವನ್ನು ಬದಲಾಯಿಸಿಕೊಳ್ಳಬೇಕಂತೆ. ಬದಲಾಯಿಸಬೇಕಾ ಎಂದು ಕೇಳಿದೆ. "ಏನೂ ಆಗಲ್ಲ ಬುಡಿ ಸಾರ್. ನಿಮ್ ಬೀದೀಲಿ ಯಾರ ಮನೇಲಿದೆ ಇಂಥ ಬೆಲ್ಲು?" ಎಂದ. ಯಾರ ಮನೆಯಲ್ಲೂ ಇರಲಿಲ್ಲ, ನಿಜ.

ಚೆನ್ನಾಗಿ ಓಡಿತು. ಮೂರು ಮಿಷನ್ನಿನ ಹತ್ತಿರದಿಂದಲೂ ಒತ್ತಿದೆ, ಬಚ್ಚಲಿನಿಂದ ಒತ್ತಿದೆ, ಕೊನೆಗೆ ಬೀದಿಗೆ ಬಂದು ಒತ್ತಿದೆ. ಹೆಂಡತಿ ಅಡುಗೆಮನೆಯ ಸ್ವಿಚ್ಚನ್ನು ಬೆಳಗ್ಗೆ ಒಂದು ಸಲ ಹಾಕಿ ಬಿಟ್ಟರಾಯಿತು. ಆ ದಿನಗಳಲ್ಲಿ ಅವಳು ಬಾಣಂತಿಯ ಕೋಣೆಗೆ ಸುಣ್ಣ ಹೊಡೆಸಿದಳು, ಹಳೆಯ ಸೀರೆಗಳನ್ನು ಕುದಿಸಿ ಒಗೆದು ಮಗುವಿನ ಬಟ್ಟೆ ಹರಿದು ಮಡಿಸಿಟ್ಟಳು, ಒಣಶುಂಠಿ, ಮೆಣಸು, ಬಜೆ ಎಲ್ಲ ಹುರಿದು ಪುಡಿ ಮಾಡಿ ಡಬ್ಬಕ್ಕೆ ತುಂಬಿದಳು. ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದಳು. ಅವಳು ಗುನುಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ.

ನಾನೋ, ಬಟನ್ನನ್ನು ಜೇಬಿನಲ್ಲಿಟ್ಟುಕೊಂಡು ಕಂಡಕಂಡವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಎದುರುಮನೆಯವರು ಬಹಳ ಮೆಚ್ಚಿಕೊಂಡರು. ಇದು ಮೂಲದಲ್ಲಿ ಕರೆಗಂಟೆ ಎಂದು ತಿಳಿದ ಮೇಲಂತೂ, ದಸರೆಗೆ ನಮ್ಮ ಮನೆಗೂ ನೆಂಟರು ಬರುತ್ತಾರೆ, ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಂಗಡಿಯ ಗುರುತು ನಾನೇ ಹೇಳಿದೆ. ನನ್ನನ್ನು ನೋಡಿ ಒಬ್ಬರು ಕೊಳ್ಳುವಂತಾಯಿತಲ್ಲ ಎಂದು ಉಬ್ಬಿಹೋಗಿದ್ದೆ.

ಆಯುಧಪೂಜೆಯ ದಿನ ಬೀಗರು ಹೊತ್ತಿಗೆ ಸರಿಯಾಗಿ ಬಂದರು. ಬೀಗಿತ್ತಿ ಒಳಗೆ ಕಾಲಿಟ್ಟವರೇ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ. ಪರವಾಗಿಲ್ಲ ಅನ್ನುವಂತೆ ತಲೆ ಆಡಿಸಿದಾಗ ನನ್ನ ಎದೆ ಹಗುರಾಯಿತು. ಮಗಳು ಹೊಸ ಸುಣ್ಣದ ಕೋಣೆಯಲ್ಲಿ ಮಂಚದ ಮೇಲೆ ಕಾಲು ಚಾಚಿ ಮಲಗಿದಳು. ಆ ಕೋಣೆಯ ಕಿಟಕಿ ಓಣಿಗೆ ತೆರೆಯುತ್ತಿತ್ತು.

ಮಿಷನ್ನುಗಳನ್ನೆಲ್ಲ ಒರೆಸಿ ವಿಭೂತಿ ಪಟ್ಟೆ ಎಳೆದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದ್ದೆ. ಹೊಟ್ಟಿನ ಚೀಲ ಖಾಲಿ ಮಾಡುವುದೊಂದು ಮರೆತಿತ್ತು. ಆಯುಧಪೂಜೆಯ ದಿನ ಯಂತ್ರದಿಂದ ಕೆಲಸ ಮಾಡಿಸುವುದಿಲ್ಲ. ಮಂಗಳಾರತಿಯಾದ ಮೇಲೆ ಶಾಸ್ತ್ರಕ್ಕೆ ಒಂದು ಕ್ಷಣ ಓಡಿಸಿ ನಿಲ್ಲಿಸುತ್ತೇವೆ. ಪೂಜೆಗೆ ಮುಂಚೆ ಹೆಂಡತಿ ಬಂದು, ಅಲ್ಲೀತನಕ ಅಡುಗೆಮನೆ ಸ್ವಿಚ್ಚು ಆರಿಸಿಟ್ಟಿರಲಾ ಎಂದು ಕೇಳಿದಳು. ಬೇಡ ಅಂದೆ. ಮಂಗಳಾರತಿ ಮುಗಿದ ತಕ್ಷಣ, ಬೀಗರು ಆರತಿ ತೆಗೆದುಕೊಂಡ ಕೈ ಇನ್ನೂ ಕಣ್ಣಿಗೆ ಒತ್ತಿಕೊಳ್ಳುತ್ತಿರುವಾಗಲೇ, ನಾನು ಜೇಬಿಗೆ ಕೈ ಹಾಕಬೇಕು ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ.

ಗರಗಸದ ಮೇಜಿನ ಮೇಲೆ, ಧೂಳು ಎಳೆಯುವ ಪೈಪಿನ ಬಾಯಿಯ ಮುಂದೆಯೇ, ಬಾಳೆಹಣ್ಣಿಗೆ ಊದುಬತ್ತಿಯ ಕಂತೆ ಚುಚ್ಚಿ ಇಟ್ಟಿದ್ದೆ. ಪಕ್ಕದಲ್ಲಿ ಕರ್ಪೂರದ ತಟ್ಟೆ. ಕರ್ಪೂರ ಹಚ್ಚಿ ಗಂಟೆ ಆಡಿಸಲು ಶುರು ಮಾಡಿದ್ದೆನಷ್ಟೆ. ಓಣಿಯಲ್ಲಿ 'ಟಕ್' ಎಂದಿತು.

ಮಿಷನ್ನು ಗುಂಯ್ ಎಂದು ಎದ್ದಿತು. ಹೂವು, ಅಕ್ಷತೆ, ಊದುಬತ್ತಿಯ ಕೆಂಡ, ಉರಿಯುತ್ತಿದ್ದ ಕರ್ಪೂರ ಎಲ್ಲ ಸುಯ್ಯೆಂದು ಪೈಪಿನೊಳಗೆ ಹೋದವು. ಜೇಬಿನಿಂದ ಬಟನ್ ತೆಗೆದು ಒತ್ತಿದೆ, ನಿಂತಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಟಕ್, ಮತ್ತೆ ಗುಂಯ್. ಮತ್ತೆ ಒತ್ತಿದೆ. ನಿಂತಿತು, ಶುರುವಾಯಿತು. ಬಟನ್ನೇ ಕೆಟ್ಟಿರಬೇಕೆಂದು ಗಾಬರಿಯಲ್ಲಿ ಒಂದರ ಮೇಲೊಂದು ಒತ್ತಿದೆ. ನನ್ನ ಒತ್ತು ಯಾವುದು, ಅದರಷ್ಟಕ್ಕೆ ಅದು ಎದ್ದದ್ದು ಯಾವುದು, ಏನೂ ತಿಳಿಯದಾಯಿತು. ಅಷ್ಟರಲ್ಲಿ ಚೀಲದೊಳಗಿನ ಹೊಟ್ಟಿಗೆ ಕೆಂಡ ಹತ್ತಿತ್ತು. ಮೇಲಿನ ಬಟ್ಟೆಚೀಲದಿಂದ ಹೊಗೆ ಬಂತು, ಹಿಂದೆಯೇ ಚೀಲ ಸುಟ್ಟು ಬಾಯಿಬಿಟ್ಟಿತು. ಹೊಗೆಯೂ ಧೂಳೂ ಸೇರಿ ಕಿಟಕಿಯಿಂದ ನೇರ ಮಗಳ ಕೋಣೆಗೆ ನುಗ್ಗಿತು.

ಬೀಗಿತ್ತಿ ಓಡಿಹೋಗಿ ತಮ್ಮ ಸೆರಗನ್ನು ಮಗಳ ಮುಖಕ್ಕೆ ಸುತ್ತಿ ಹೊರಗೆ ಕರೆತಂದರು. ಮಗಳು ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಿದ್ದಳು. ನಾನು ಹಣೆ ತುಂಬ ವಿಭೂತಿ, ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಬಟನ್ನು ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಹೆಂಡತಿ ಅಡುಗೆಮನೆಗೆ ಓಡಿ ಗೋಡೆಯ ಸ್ವಿಚ್ಚು ಆರಿಸಿದಳು. ಮಿಷನ್ನು ನಿಂತಿತು. ವಾಪಸ್ಸು ಬರುವಾಗ ಬಚ್ಚಲಿನ ಬಕೆಟ್ ಎತ್ತಿಕೊಂಡು ಬಂದು ಚೀಲಕ್ಕೆ ಸುರಿದಳು. ಅವತ್ತು ನಾನು "ಆರ್ಸೇ" ಎಂದು ಕೂಗಲೂ ಇಲ್ಲ.

ಹೊಗೆ ಕಂಡು ಎದುರುಮನೆಯವರು ಓಡಿ ಬಂದರು. ಪೂಜೆಯ ಗಲಾಟೆಯಲ್ಲಿದ್ದೆವು, ಗೇಟಿನಲ್ಲಿ ನೆಂಟರು ನಿಂತು ಇವತ್ತು ಬೆಳಗ್ಗೆಯಷ್ಟೇ ಹಾಕಿದ ಹೊಸ ಬೆಲ್ ಒತ್ತಿದ್ದೇ ಕೇಳಿಸಲಿಲ್ಲ, ಈಗ ನೋಡಿದರೆ ನಿಮ್ಮಲ್ಲಿ ಹೊಗೆ ಎಂದರು. ಅಷ್ಟರಲ್ಲಿ ಆಚೆ ಯಾರೋ ಮತ್ತೆ ಬೆಲ್ ಒತ್ತಿದರು. ಓಣಿಯ ಗೋಡೆಯ ಮೇಲಿದ್ದ ನನ್ನ ಪೆಟ್ಟಿಗೆಯ ಕೆಂಪು ದೀಪ ಪಿಳಿಕ್ಕೆಂದಿತು. ಬೀಗರು ಅದನ್ನು ನೋಡಿದರು, ಆಮೇಲೆ ನನ್ನ ಕೈಯ ಬಟನ್ನನ್ನು ನೋಡಿದರು. ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ.

ಡಾಕ್ಟರು ನೋಡಿ, ಭಯವೇನಿಲ್ಲ, ಆದರೆ ಆ ಗಾಳಿಯಲ್ಲಿ ಇರಬೇಡಿ ಎಂದರು. ಬೀಗಿತ್ತಿ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆನೋ ಏನೋ. "ಕರ್ಕೊಂಡು ಹೋಯ್ತೀವಿ ಬೀಗರೇ. ತಪ್ಪು ತಿಳ್ಕೋಬೇಡಿ" ಎಂದಷ್ಟೇ ಹೇಳಿ ಆವತ್ತೇ ಹೊರಟರು. ಹೋಗುವಾಗ ಮಗಳು ನನ್ನ ಕಾಲಿಗೆ ಬಗ್ಗಲು ಬಂದಳು. ಬೇಡಮ್ಮ ಎಂದು ತಡೆದೆ. ಅವಳ ಕೂದಲ ತುಂಬ ತೇಗದ ಹೊಟ್ಟಿತ್ತು.

ದಿನ ತುಂಬುತ್ತಾ ಬಂದಾಗ ಹೆಂಡತಿ ಪುಡಿಯ ಡಬ್ಬಗಳನ್ನೂ ಹಳೆಯ ಸೀರೆಯ ಬಟ್ಟೆಗಳನ್ನೂ ಚೀಲಕ್ಕೆ ತುಂಬಿಕೊಂಡು ಇಲವಾಲಕ್ಕೆ ಹೊರಟಳು. ಹೆತ್ತ ತಾಯಿ ಬೀಗರ ಮನೆಯಲ್ಲಿ ಉಳಿದು ಬಾಣಂತನ ಮಾಡುವುದು ನಮ್ಮಲ್ಲಿ ಯಾರೂ ಕೇಳಿದ್ದಲ್ಲ. ನೆಂಟರು ವಿಚಾರಿಸಿದರೆ ಮನೆ ರಿಪೇರಿ ನಡೀತಿದೆ ಎನ್ನುತ್ತಿದ್ದೆ. ಯಾರೂ ನಂಬಲಿಲ್ಲ. ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟೆ. ಮೊಮ್ಮಗ ಹುಟ್ಟಿದ ಸುದ್ದಿ ಫೋನಿನಲ್ಲಿ ಬಂತು.

ಎಲೆಕ್ಟ್ರಿಷಿಯನ್‌ನನ್ನು ಮತ್ತೆ ಕರೆದೆ. ಬೆಲ್ಲಿನ ಪೆಟ್ಟಿಗೆಯನ್ನು ಬಿಚ್ಚಿ ಹಾಕಿದ್ದಾಯಿತು. ಅವನು ಮೊದಲೇ ಹೇಳಿದ್ದ ಹಸಿರು, ಕೆಂಪು ಬಟನ್ನುಗಳನ್ನು ಮೂರು ಮಿಷನ್ನಿನ ಹತ್ತಿರವೂ ಕೂರಿಸಿದೆವು. ಯಾವ ಮಿಷನ್ನಿನ ಹತ್ತಿರದ ಹಸಿರನ್ನು ಒತ್ತಿದರೂ ಶುರು, ಯಾವ ಕೆಂಪನ್ನು ಒತ್ತಿದರೂ ಬಂದ್. ಕರೆಂಟು ಹೋಗಿ ಬಂದರೆ ತಾನಾಗಿ ಏಳುವುದಿಲ್ಲ, ಯಾರಾದರೂ ಬಂದು ಒತ್ತಲೇಬೇಕು. ಡಸ್ಟ್ ಕಲೆಕ್ಟರನ್ನು ಓಣಿಯಿಂದ ತೆಗೆದು ಶೆಡ್ಡಿನ ಆಚೆ ಕಾಂಪೌಂಡಿನ ಮೂಲೆಗೆ ಸರಿಸಿ ತಗಡಿನ ಮಾಡು ಹೊದಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು, ನೋಡುವುದಕ್ಕೆ ಹಿಟ್ಟಿನ ಗಿರಣಿಯ ಹಾಗೇ ಇತ್ತು. ಲೈನನ್ನು ಮೀಟರ್ ಬೋರ್ಡಿನಿಂದ ಬೇರೆಯಾಗಿ ತರಲಾ ಎಂದು ಅವನು ಕೇಳಿದ. ಬೇಡ, ಅಡುಗೆಮನೆಯ ಪಾಯಿಂಟಿನಿಂದಲೇ ಇರಲಿ ಎಂದೆ. ಏನಾದರೂ ಹೆಚ್ಚುಕಮ್ಮಿಯಾದರೆ ಅವಳು ಅಲ್ಲಿಂದ ಆರಿಸಬಹುದಲ್ಲ, ಅವತ್ತು ಮನೆ ಉಳಿಸಿದ್ದು ಅದೇ ಸ್ವಿಚ್ಚು. ಬುದ್ಧಿವಂತಿಕೆಯ ಮಾತೇ ಆಡಿದೆನೆಂದುಕೊಂಡಿದ್ದೆ.

ಮಗುವಿಗೆ ಕಾಲ್ಗಡಗ ಮಾಡಿಸಿಕೊಂಡು ಹೆಸರಿಡುವ ಶಾಸ್ತ್ರಕ್ಕೆ ಇಲವಾಲಕ್ಕೆ ಹೋದೆ. ಮನೆ ತುಂಬ ಜನ. ಬಚ್ಚಲುಮನೆಯ ಬಾಗಿಲಲ್ಲಿ ಇಣುಕಿದರೆ ಹೆಂಡತಿ ಮಣೆಯ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ನೀವುತ್ತಿದ್ದಳು. ಮಗಳೂ ಬೀಗಿತ್ತಿಯೂ ಪಕ್ಕದಲ್ಲಿದ್ದರು. ನಾನು ಬಂದದ್ದನ್ನು ಯಾರೂ ಗಮನಿಸಲಿಲ್ಲ.

ಹಿತ್ತಲಲ್ಲಿ ತೊಟ್ಟಿಗೆ ಬೋರ್‌ವೆಲ್ ನೀರು ಬಿಟ್ಟಿದ್ದರು. ತೊಟ್ಟಿ ತುಂಬಿತೆಂದು ಕಾಣುತ್ತದೆ, ಅಲ್ಲಿಂದ ಯಾರೋ ಗಂಡಸು ಒಳಗಿನವರಿಗೆ "ಮೋಟ್ರು ಆರ್ಸೇ!" ಎಂದು ಕೂಗಿದ.

ನನ್ನ ಹೆಂಡತಿ ಮಗುವನ್ನು ಸರಕ್ಕನೆ ಮಗಳ ತೊಡೆಗೆ ಹಾಕಿ ಎದ್ದಳು. ಎಣ್ಣೆಯ ಕೈ ಎತ್ತಿಕೊಂಡು ಗೋಡೆಯ ಹತ್ತಿರ ಹೋಗಿ ತಡಕಾಡಿದಳು. ಬಚ್ಚಲುಮನೆಯ ಆ ಗೋಡೆಯಲ್ಲಿ ಸ್ವಿಚ್ಚೇ ಇರಲಿಲ್ಲ.

"ಕೂತ್ಕೊಳಿ ಅಕ್ಕ," ಎಂದರು ಬೀಗಿತ್ತಿ. ಈ ಸಲ ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. "ನಿಮ್ಮನ್ನಲ್ಲ ಕೂಗಿದ್ದು."

ಹೆಂಡತಿ ನಕ್ಕಂತೆ ಮಾಡಿ ತಿರುಗಿದವಳು ಬಾಗಿಲಲ್ಲಿದ್ದ ನನ್ನನ್ನು ಕಂಡಳು. ಕಂಡವಳೇ ಸೆರಗು ಸರಿಮಾಡಿಕೊಂಡು, ಊಟ ಆಯ್ತಾ ಎಂದು ಕೇಳಿದಳು. ತಪ್ಪು ಮಾಡಿ ಸಿಕ್ಕಿಬಿದ್ದವಳು ತಾನು ಎನ್ನುವ ಹಾಗಿತ್ತು ಆ ಮುಖ. ಪಂಕ್ತಿಯಲ್ಲಿ ನಕ್ಕಾಗ, ಚೀಲ ಹೊತ್ತಿ ಉರಿದಾಗ ಆದದ್ದೆಲ್ಲ ಏನೂ ಅಲ್ಲ, ನಾಚಿಕೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಆಗ. ಕಾಲ್ಗಡಗವನ್ನು ಮಗಳ ಕೈಗೆ ಕೊಟ್ಟು ಹೊರಗೆ ಬಂದೆ.

ಮಾರನೆಯ ದಿನವೇ ಮೀಟರ್ ಬೋರ್ಡಿನಿಂದ ಬೇರೆ ಲೈನು ಎಳೆಸಿದೆ. ಅಡುಗೆಮನೆಯ ಪಾಯಿಂಟನ್ನು ಬುಡಸಮೇತ ಕಿತ್ತು, ಗ್ರೈಂಡರಿಗೆ ಬೇರೆ ಕಡೆ ಹಾಕಿಸಿ, ಆ ತೂತಿಗೆ ನಾನೇ ಸಿಮೆಂಟ್ ಮೆತ್ತಿ ಸುಣ್ಣ ಬಳಿದೆ.

ಐದನೇ ತಿಂಗಳಲ್ಲಿ ಹೆಂಡತಿ, ಮಗಳು, ಮೊಮ್ಮಗ ಮೂವರೂ ಮನೆಗೆ ಬಂದರು. ಬೀಗಿತ್ತಿಯೇ ಜೊತೆಗೆ ಬಂದು, ಎಲ್ಲ ನೋಡಿ, ಬಿಟ್ಟುಹೋದರು. ಮರುದಿನ ಬೆಳಗ್ಗೆ ಶೆಡ್ಡಿನಲ್ಲಿ ಹಸಿರು ಬಟನ್ ಒತ್ತಿ ಎರಡು ಹಲಗೆ ಕೊಯ್ದು ಕೆಂಪನ್ನು ಒತ್ತಿದೆ. ಮಗು ಏಳಲಿಲ್ಲ. ನೀರು ಕುಡಿಯಲೆಂದು ಅಡುಗೆಮನೆಗೆ ಹೋದೆ. ಹೆಂಡತಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ನಾನು ಒಂದು ಸಲವೂ ಕೂಗಿರಲಿಲ್ಲ. ಆದರೂ ಗೋಡೆಯಲ್ಲಿ ನಾನು ಸುಣ್ಣ ಬಳಿದಿದ್ದ ಜಾಗದ ಮೇಲೆ ಹಿಟ್ಟಿನ ಬೆರಳುಗಳ ಗುರುತು ಹಸಿಯಾಗಿಯೇ ಇತ್ತು.